ಕಲ್ಲಿನ ಮುಂದೆ ಟ್ಯಾಬ್ಲೆಟ್: ಗದಗ ಸೀಮೆಯ ಶಾಸನ ಸಂಪುಟಗಳನ್ನು ಇ-ಪುಸ್ತಕವಾಗಿ ಓದುವಾಗ

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳಿಬಿಡ್ತೀನಿ. ಶಿರಹಟ್ಟಿ ತಾಲೂಕಿನ ಒಂದು ಊರಿನ ಗುಡಿಯಂಗಳದಲ್ಲಿ ಶಾಸನದ ಕಲ್ಲೊಂದು ನಿಂತಿದೆ. ಅದರ ಪಾಠವನ್ನು ಯಾರೋ ಟೈಪ್ ಮಾಡಿ ಹಂಚಿದ್ದರು. ಅದನ್ನೇ ನನ್ನ ಇ-ರೀಡರಿಗೆ ಹಾಕಿಕೊಂಡು ಹೋಗಿದ್ದೆ. ಊರಿನ ಹತ್ತು-ಹನ್ನೆರಡು ಜನ ಸೇರಿದರು. ಪಾಠದಲ್ಲಿ 'ತೆರೆ' ಎಂದಿತ್ತು. ನಾನು ಧೈರ್ಯವಾಗಿ, "ದೇವರಿಗೆ ತೆರೆ ಬಿಟ್ಟಿದ್ದಾರೆ, ಅಂದ್ರೆ ಪರದೆ" ಎಂದು ಅರ್ಥ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ರಾತ್ರಿ ಮನೆಗೆ ಬಂದು ಮುದ್ರಿತ ಸಂಪುಟದ ಸ್ಕ್ಯಾನ್ ಪುಟ ತೆಗೆದು ನೋಡಿದರೆ ಅಲ್ಲಿದ್ದದ್ದು 'ತೆಱೆ'. ಹಳಗನ್ನಡದಲ್ಲಿ 'ತೆರೆ' ಎಂದರೆ ಪರದೆ ಅಥವಾ ನೀರಿನ ಅಲೆ. 'ತೆಱೆ' ಎಂದರೆ ಕಂದಾಯ. ಕಲ್ಲು ಹೇಳುತ್ತಿದ್ದದ್ದು ಭೂಮಿಯ ತೆರಿಗೆಯ ಮಾತು. ಮುಂದಿನ ಸಲ ಹೋದಾಗ ತಪ್ಪೊಪ್ಪಿಕೊಂಡೆ. ಅಲ್ಲಿದ್ದ ಅಜ್ಜಾರು ನಕ್ಕು, "ಹೋಗ್ಲಿ ಬಿಡ್ರೀ ಸರ, ಹುಡುಗ್ರು ಆಗ್ಲೇ ಅದಕ್ಕ ಪರದೆಕಲ್ಲು ಅನ್ನಾಕತ್ತಾರ" ಅಂದರು.

ಕಲ್ಲು ತಪ್ಪು ಹೇಳಿರಲಿಲ್ಲ, ಸಂಪುಟವೂ ಹೇಳಿರಲಿಲ್ಲ. ನಡುವೆ ಒಂದು ಫೈಲು ಬಂದಿತ್ತು, ಅದನ್ನು ನಾನು ನಂಬಿದ್ದೆ, ಅಷ್ಟೇ. ಈಗ ಶಾಸನ ಓದುವ ನಮ್ಮಂಥ ಬಹುತೇಕರು ಸಂಪುಟಗಳನ್ನು ಕೈಯಲ್ಲಿ ಹಿಡಿದು ಓದುವುದಿಲ್ಲ. ಟ್ಯಾಬ್ಲೆಟ್, ಇ-ರೀಡರ್, ಫೋನಿನಲ್ಲೇ ಓದುತ್ತೇವೆ. ಯಾವ ಸಾಧನದಲ್ಲಿ, ಯಾವ ಬಗೆಯ ಫೈಲಿನಲ್ಲಿ ಓದುತ್ತೇವೆ ಎಂಬುದರ ಮೇಲೆ ನಮಗೆ ಯಾವ ಅಕ್ಷರ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ನಿಂತಿದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಶಾಸನಗಳನ್ನೇ ಮುಂದಿಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ನಮ್ಮ ಸೀಮೆಯ ಕಲ್ಲುಗಳು ಯಾವ ಪುಸ್ತಕದಲ್ಲಿವೆ?

ಹೊಸಬರು ಸಾಮಾನ್ಯವಾಗಿ ಮೊದಲು ಇಳಿಸಿಕೊಳ್ಳುವುದು 'ಎಪಿಗ್ರಾಫಿಯಾ ಕರ್ನಾಟಿಕಾ'. ಆಮೇಲೆ ಅದರಲ್ಲಿ ಗದಗು ಹುಡುಕಿ ನಿರಾಸೆ ಪಡುತ್ತಾರೆ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ಆ ಮಾಲೆ ಕೊಡಗು ಮತ್ತು ಹಳೆಯ ಮೈಸೂರು ಸಂಸ್ಥಾನದ ಜಿಲ್ಲೆಗಳದ್ದು. ನಮ್ಮ ಭಾಗ ಆಗ ಮುಂಬಯಿ ಕರ್ನಾಟಕ. ಅದರೊಳಗೂ ಗದಗ ನೇರ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ ಇದ್ದವು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಹಳೆಯ ಪುಸ್ತಕಗಳಲ್ಲಿ 'ಗದಗ ಜಿಲ್ಲೆ' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. 'ಧಾರವಾಡ ಜಿಲ್ಲೆ' ಎಂದು ಹುಡುಕಬೇಕು, ಕೆಲವೊಮ್ಮೆ ಸಂಸ್ಥಾನದ ಹೆಸರಿನಲ್ಲಿ.

ನಮ್ಮ ಶಾಸನಗಳು ಮುಖ್ಯವಾಗಿ ಮೂರು ಕಡೆ ಸಿಗುತ್ತವೆ. ಒಂದು, 1872ರಲ್ಲಿ ಆರಂಭವಾದ 'ಇಂಡಿಯನ್ ಆಂಟಿಕ್ವರಿ'. ಜೆ.ಎಫ್. ಫ್ಲೀಟ್ ಅದರಲ್ಲಿ ಈ ಭಾಗದ ಶಾಸನಗಳನ್ನು ಸಾಲಾಗಿ ಪ್ರಕಟಿಸಿದರು. ಮುಂಡರಗಿ ತಾಲೂಕಿನ ಡಂಬಳದ ಪ್ರಸಿದ್ಧ ಬೌದ್ಧ ಶಾಸನ ಅದರ 10ನೇ ಸಂಪುಟದಲ್ಲಿ (1881) ಬಂತು. ಕಾಲ 1095-96, ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. ಡಂಬಳದ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರಕ್ಕೂ ಲೊಕ್ಕಿಗುಂಡಿಯ, ಅಂದರೆ ಈಗಿನ ಲಕ್ಕುಂಡಿಯ, ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರಕ್ಕೂ ಕೊಟ್ಟ ದತ್ತಿ ಅದರಲ್ಲಿದೆ.

ಎರಡು, 'ಎಪಿಗ್ರಾಫಿಯಾ ಇಂಡಿಕಾ'. ಗದಗಿನ ತ್ರಿಕೂಟೇಶ್ವರ ಗುಡಿಗೆ ಸಂಬಂಧಿಸಿದ ಹೊಯ್ಸಳ ವೀರಬಲ್ಲಾಳನ ಶಕ 1114ರ ಶಾಸನ ಅದರ 6ನೇ ಸಂಪುಟದಲ್ಲಿದೆ. ಲಕ್ಷ್ಮೇಶ್ವರದಲ್ಲಿ ಸಿಕ್ಕ ಯುವರಾಜ ವಿಕ್ರಮಾದಿತ್ಯನ ಕಂಬದ ಶಾಸನ 14ನೇ ಸಂಪುಟದಲ್ಲಿದೆ. ರಾಜಪುರುಷರಿಗೂ ಊರಿನ ಮಹಾಜನರಿಗೂ ಇರಬೇಕಾದ ಕಟ್ಟುಪಾಡನ್ನು ಹೇಳುವ 8ನೇ ಶತಮಾನದ ಅಪರೂಪದ ದಾಖಲೆ ಅದು.

ಮೂರು, 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳು: 11ನೆಯದರ ಎರಡು ಭಾಗ (1940, 1952), 15 ಮತ್ತು 20 (1964), 18 (1975). ನಿಜವಾದ ಗಣಿ ಇದೇ. ಇಲ್ಲಿ ಪಾಠ ಕನ್ನಡ ಲಿಪಿಯಲ್ಲಿದೆ, ಪ್ರತಿ ಶಾಸನದ ತಲೆಯ ಮೇಲೆ ಅದು ಸಿಕ್ಕ ಜಾಗ ಮತ್ತು ಇಂಗ್ಲಿಷಿನಲ್ಲಿ ಸಾರ ಇದೆ.

ಇವುಗಳಲ್ಲಿ ಬಹಳಷ್ಟು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ರೂಪದಲ್ಲಿ ಸಿಗುತ್ತವೆ. ಒಂದು ಕಾಲಕ್ಕೆ ಧಾರವಾಡಕ್ಕೋ ಮೈಸೂರಿಗೋ ಹೋಗಿ ಗ್ರಂಥಾಲಯದಲ್ಲಿ ಕೂತು ನಕಲು ಮಾಡಿಕೊಳ್ಳಬೇಕಿದ್ದ ಪುಸ್ತಕಗಳು ಈಗ ಜೋಳಿಗೆಯಲ್ಲಿವೆ. ಲಕ್ಷ್ಮೇಶ್ವರದ ಶಂಖಬಸದಿಯ ಮುಂದೆ ನಿಂತು ಆ ಕಲ್ಲಿನ ಪುಟವನ್ನೇ ತೆರೆಯಬಹುದು. ಇದು ಸಣ್ಣ ಮಾತಲ್ಲ.

ಚಿತ್ರದ ಪುಸ್ತಕ, ಅಕ್ಷರದ ಪುಸ್ತಕ

'ಇ-ಪುಸ್ತಕ' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಪುಟದ ಫೋಟೊಗಳನ್ನು ಹೊಲಿದಂತಿರುವ ಪಿಡಿಎಫ್. ಪುಸ್ತಕದಲ್ಲಿ ಇದ್ದದ್ದೇ ಇಲ್ಲಿ ಕಾಣುತ್ತದೆ, ಆದರೆ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯ ಆಚೆ ಹೋಗುತ್ತದೆ. ಇನ್ನೊಂದು, ಟೈಪ್ ಮಾಡಿದ ಅಥವಾ ಯಂತ್ರ ಓದಿದ ಅಕ್ಷರಗಳಿರುವ ಇ-ಪಬ್‌ನಂಥ ಫೈಲು. ಇದರಲ್ಲಿ ಅಕ್ಷರದ ಗಾತ್ರ ಬೇಕಾದಂತೆ ಬದಲಿಸಬಹುದು, ಸಾಲು ತಾನೇ ಮುರಿದುಕೊಂಡು ಹರಿಯುತ್ತದೆ, ಹುಡುಕಲೂ ಬರುತ್ತದೆ.

ಕಾದಂಬರಿ ಓದಲು ಎರಡನೆಯದೇ ಸುಖ. ಶಾಸನಕ್ಕೆ ಬಂದಾಗ ಮಾತು ಬೇರೆ. ಶಾಸನದ ಪಾಠದಲ್ಲಿ ಸಾಲಿನ ಅಂಕಿಗೂ ಅರ್ಥವಿದೆ. ಕಲ್ಲಿನ 14ನೇ ಸಾಲು ಎಲ್ಲಿ ಮುಗಿಯಿತು ಎನ್ನುವುದೂ ಮಾಹಿತಿ. ಚೌಕ ಆವರಣದೊಳಗಿನ ಅಕ್ಷರ ಸವೆದಿದ್ದಕ್ಕೆ ಸಂಪಾದಕರು ಊಹಿಸಿ ತುಂಬಿದ್ದು. ಚುಕ್ಕಿಗಳೆಂದರೆ ಓದಲಾಗದ ಭಾಗ. ಹರಿಯುವ ಅಕ್ಷರದ ಫೈಲಿನಲ್ಲಿ ಸಾಲು ಕಲಸಿಹೋಗುತ್ತದೆ. ಆವರಣಗಳನ್ನು "ಓದೋಕೆ ಅಡ್ಡಿ" ಎಂದು ಟೈಪ್ ಮಾಡುವವರು ತೆಗೆದೇಬಿಡುತ್ತಾರೆ. ಆಗ ಸಂಪಾದಕರ ಊಹೆ ಕಲ್ಲಿನ ಮಾತಾಗಿ ಕೂರುತ್ತದೆ.

ಹೀಗಾಗಿ ನನ್ನ ರೂಢಿ ಇದು: ಸಂಪುಟದ ಪೀಠಿಕೆ, ಇತಿಹಾಸದ ಪುಸ್ತಕ, ವ್ಯಾಖ್ಯಾನಗಳನ್ನು ಅಕ್ಷರದ ಫೈಲಿನಲ್ಲಿ ಓದುತ್ತೇನೆ. ಶಾಸನದ ಪಾಠವನ್ನು ಚಿತ್ರದ ಪುಟದಲ್ಲೇ ನೋಡುತ್ತೇನೆ. ಅಕ್ಷರದ ಫೈಲು ಹುಡುಕುವುದಕ್ಕೆ, ಚಿತ್ರ ಸಾಕ್ಷಿಗೆ.

ಇ-ಇಂಕ್ ಒಳ್ಳೇದೋ, ಟ್ಯಾಬ್ಲೆಟ್ಟೋ?

ಕಿಂಡಲ್, ಕೋಬೊ ಮುಂತಾದ ಇ-ರೀಡರುಗಳ ಪರದೆಯೊಳಗೆ ಕಪ್ಪು-ಬಿಳಿ ಬಣ್ಣದ ಕಣಗಳಿರುವ ಅತಿ ಸಣ್ಣ ಕೋಶಗಳಿರುತ್ತವೆ. ವಿದ್ಯುತ್ತಿನಿಂದ ಕಪ್ಪು ಕಣ ಮೇಲೆ ಬಂದರೆ ಅಕ್ಷರ, ಬಿಳಿ ಬಂದರೆ ಹಾಳೆ. ಪುಟ ತಿರುವಿದಾಗ ಮಾತ್ರ ವಿದ್ಯುತ್ ಬೇಕು. ಬ್ಯಾಟರಿ ದಿನಗಟ್ಟಲೆ ಬಾಳುವುದು ಅದಕ್ಕೇ. ಕಾಗದದಂತೆ ಹೊರಗಿನ ಬೆಳಕಿನಲ್ಲೇ ಓದುವುದರಿಂದ ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆ. ಟ್ಯಾಬ್ಲೆಟ್ ಇದಕ್ಕೆ ತಿರುಗುಮುರುಗು: ಒಳಗಿನಿಂದ ಬೆಳಕು ಚೆಲ್ಲುತ್ತದೆ, ನಡುಮಧ್ಯಾಹ್ನದ ಬಿಸಿಲಿನ ಮುಂದೆ ಸೋಲುತ್ತದೆ. ಏಪ್ರಿಲ್ ತಿಂಗಳಲ್ಲಿ ಡಂಬಳದ ದೊಡ್ಡಬಸಪ್ಪ ಗುಡಿಯ ಹೊರಗೆ ಅರ್ಧ ಗಂಟೆ ನಿಂತದ್ದಕ್ಕೆ ನನ್ನ ಟ್ಯಾಬ್ಲೆಟ್ ಕಾದು, ಪರದೆ ಮಂಕಾಗಿ, ಕೊನೆಗೆ ತಾನೇ ಬಂದ್ ಆಯಿತು. ಗುಡಿಯ ನೆರಳಿನಲ್ಲಿ ಕೂತು ತಣ್ಣಗಾಗುವವರೆಗೆ ಕಾಯಬೇಕಾಯಿತು.

ಹಾಗಂತ ಇ-ಇಂಕೇ ಗೆದ್ದಿತು ಎನ್ನುವಂತಿಲ್ಲ. ಅಳತೆ ನೋಡಿ. 6 ಇಂಚಿನ ಇ-ರೀಡರಿನ ಪರದೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಶಾಸನ ಸಂಪುಟಗಳು ದೊಡ್ಡ ಕ್ವಾರ್ಟೊ ಅಳತೆಯವು. ಇಡೀ ಪುಟವನ್ನು ಆ ಪರದೆಗೆ ಇಳಿಸಿದರೆ ಅಕ್ಷರ ಅರ್ಧಕ್ಕಿಂತ ಚಿಕ್ಕದಾಗುತ್ತದೆ. ಒತ್ತಕ್ಷರ ಇರುವೆಯ ಸಾಲಾಗುತ್ತದೆ. 10.3 ಇಂಚಿನದಾದರೆ ಸುಮಾರು 16 ಅಗಲ, 21 ಎತ್ತರ. ಸುತ್ತಲಿನ ಖಾಲಿ ಅಂಚು ಕತ್ತರಿಸಿದರೆ ಪಾಠ ಆರಾಮಾಗಿ ಓದಬಹುದು. ಆದರೆ ಹಿಗ್ಗಿಸುವುದು, ಸರಿಸುವುದು ಇ-ಇಂಕ್‌ನಲ್ಲಿ ನಿಧಾನ. ಸಾಮಾನ್ಯವಾಗಿ 16 ಬಗೆಯ ಬೂದು ಛಾಯೆ ಮಾತ್ರ ತೋರಿಸುವುದರಿಂದ ಪಡಿಯಚ್ಚಿನ ಫಲಕದಲ್ಲಿ ಗೆರೆ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ಬೇರೆ ಮಾಡುವುದು ಕಷ್ಟ. ಫಲಕ ನೋಡುವಾಗ ಎರಡು ಬೆರಳಲ್ಲಿ ಹಿಗ್ಗಿಸಿ, ಅತ್ತಿತ್ತ ಸರಿಸಿ, ಬೆಳಕು ಏರಿಸಿ ನೋಡಲು ಟ್ಯಾಬ್ಲೆಟ್ಟೇ ಬೇಕು.

ಒಟ್ಟಿನಲ್ಲಿ, ಮನೆಯಲ್ಲಿ ಮತ್ತು ಬಸ್ಸಿನಲ್ಲಿ ಉದ್ದಕ್ಕೆ ಓದಲು, ಹೊರಗಿನ ಬಿಸಿಲಿನಲ್ಲಿ ಪಾಠ ನೋಡಲು ಇ-ಇಂಕ್. ಫಲಕಕ್ಕೆ, ಗುಡಿಯ ಕತ್ತಲೆಗೆ, ಅನುಮಾನದ ಅಕ್ಷರಕ್ಕೆ ಟ್ಯಾಬ್ಲೆಟ್. ಎರಡೂ ಕೊಳ್ಳಬೇಕಾಗಿಲ್ಲ. ಒಂದೇ ಕೊಳ್ಳುವುದಾದರೆ ಶಾಸನದ ಕೆಲಸಕ್ಕೆ 10 ಇಂಚಿನ ಆಸುಪಾಸಿನ ಸಾಧಾರಣ ಟ್ಯಾಬ್ಲೆಟ್ ಸಾಕು. ಜೊತೆಗೊಂದು ಕೊಡೆ ಇರಲಿ.

ಅಕ್ಷರ ಎಲ್ಲಿ ಕಳೆದುಹೋಗುತ್ತದೆ?

ಹಳಗನ್ನಡದ ಎರಡು ಅಕ್ಷರ ಈಗ ನಮ್ಮ ಬರಹದಲ್ಲಿಲ್ಲ: ಱ ಮತ್ತು ೞ. ನಮ್ಮ ಸೀಮೆಗೆ ಇವು ಬರೀ ವ್ಯಾಕರಣದ ವಿಷಯವಲ್ಲ, ಊರಿನ ಹೆಸರಲ್ಲೇ ಇವೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆಱೆ, ಡಂಬಳದ್ದು ಧರ್ಮವೊೞಲ್. ಕವಿರಾಜಮಾರ್ಗ ಕನ್ನಡದ ತಿರುಳುನಾಡಿನ ಎಲ್ಲೆಯೊಳಗೆ ಎಣಿಸಿದ ಊರುಗಳಲ್ಲಿ ಪುಲಿಗೆಱೆ ಒಂದು. ಪಂಪನೂ ತನ್ನ ಕನ್ನಡ ಅಲ್ಲಿಯದು ಎಂದು ಹೇಳಿಕೊಂಡ. ಅಂಥ ಊರಿನ ಹೆಸರನ್ನೇ ನಮ್ಮ ಸಾಧನಗಳು ಸರಿಯಾಗಿ ತೋರಿಸುತ್ತವೋ ಇಲ್ಲವೋ ನೋಡಿಕೊಳ್ಳಬೇಕಾಗಿದೆ.

ಈ ಎರಡೂ ಅಕ್ಷರ ಯೂನಿಕೋಡ್‌ನಲ್ಲಿವೆ. ತಮಾಷೆಯೆಂದರೆ ೞ ಅಕ್ಷರಕ್ಕೆ ಅಲ್ಲಿ ಕೊಟ್ಟ ಇಂಗ್ಲಿಷ್ ಹೆಸರು 'ಫ' ಎಂದಿದೆ. ಅದು ತಪ್ಪು ಎಂದು ಯೂನಿಕೋಡ್‌ನವರೇ ಟಿಪ್ಪಣಿ ಹಾಕಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬುದು ಅವರ ನಿಯಮ, ಹಾಗಾಗಿ ಅದು ಹಾಗೇ ಉಳಿದಿದೆ. ಸಾಧನದ ಅಕ್ಷರಶೈಲಿಯಲ್ಲಿ ಈ ಅಕ್ಷರ ಇಲ್ಲದಿದ್ದರೆ ಆ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. 'ನೋಟೊ' ಕನ್ನಡದಂಥ ಅಕ್ಷರಶೈಲಿ ಸೇರಿಸಿಕೊಂಡರೆ ಸರಿಹೋಗುತ್ತದೆ.

ಚೌಕ ಕಂಡರೆ ವಾಸಿ, ಏನೋ ತಪ್ಪಿದೆ ಎಂದಾದರೂ ಗೊತ್ತಾಗುತ್ತದೆ. ಅಪಾಯ ಇರುವುದು ಸದ್ದಿಲ್ಲದೆ ಆಗುವ ಬದಲಾವಣೆಯಲ್ಲಿ. ಟೈಪ್ ಮಾಡುವವರಿಗೆ ಕೀಲಿಮಣೆಯಲ್ಲಿ ಱ ಸಿಗದಿದ್ದರೆ ರ ಒತ್ತುತ್ತಾರೆ. ಚಿತ್ರ ನೋಡಿ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶವೂ ತಾನು ಕಂಡರಿಯದ ಅಕ್ಷರಕ್ಕೆ ಹತ್ತಿರದ ಇನ್ನೊಂದನ್ನು ಹಾಕಿಬಿಡುತ್ತದೆ. ಆಗ 'ಬಾೞ್' ಹೋಗಿ 'ಬಾಳ್' ಆಗುತ್ತದೆ. ಹಳಗನ್ನಡದಲ್ಲಿ ಮೊದಲನೆಯದು ಬದುಕು, ಎರಡನೆಯದು ಕತ್ತಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು.

ಅರ್ಥದ ಜೊತೆ ಕಾಲದ ಸುಳಿವೂ ಹೋಗುತ್ತದೆ. ೞ ಬಳಕೆ ಕಾಲಕ್ರಮದಲ್ಲಿ ಸಡಿಲವಾಗುತ್ತ ಬಂದು ಅದರ ಜಾಗಕ್ಕೆ ಳ ಬಂತು. ಹೀಗಾಗಿ ತೇದಿಯಿಲ್ಲದ ಕಲ್ಲಿನಲ್ಲಿ ೞ ಇದೆಯೋ ಇಲ್ಲವೋ, ಸರಿಯಾದ ಜಾಗದಲ್ಲಿದೆಯೋ ಎಂಬುದು ಅದರ ಕಾಲ ಊಹಿಸಲು ಒಂದು ಆಧಾರ. ಎಲ್ಲವನ್ನೂ ಳ ಮಾಡಿದ ಫೈಲಿನಿಂದ ಆ ಆಧಾರ ಅಳಿಸಿಹೋಗಿರುತ್ತದೆ.

ಅಂಕಿಗಳದ್ದೂ ಇದೇ ಪಾಡು. ಕನ್ನಡದ ೬ ಮತ್ತು ೭ ಮಸುಕು ಸ್ಕ್ಯಾನಿನಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ; ಸೊನ್ನೆಗೂ ಅನುಸ್ವಾರಕ್ಕೂ ಆಕಾರ ಒಂದೇ. ಇದಕ್ಕೆ ಶಾಸನದೊಳಗೇ ಮದ್ದಿದೆ: ಸಂವತ್ಸರದ ಹೆಸರು. ಶಕ 1017 ಯುವ ಸಂವತ್ಸರ, 1016 ಭಾವ. ಫೈಲಿನಲ್ಲಿ 1016 ಎಂದಿದ್ದು ಪಕ್ಕದಲ್ಲಿ ಯುವ ಎಂದಿದ್ದರೆ ಚಿತ್ರದ ಪುಟಕ್ಕೆ ಹೋಗಿ ನೋಡಿ. ಎಲ್ಲ ಸಲವೂ ಓದಿನ ತಪ್ಪೇ ಆಗಿರಬೇಕಿಲ್ಲ. ಗತವರ್ಷ, ವರ್ತಮಾನವರ್ಷ ಎಂಬ ಎರಡು ಎಣಿಕೆಯಿಂದಲೂ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಆದರೆ ನೋಡದೆ ಬಿಡಬಾರದು.

ಚಿತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ದೊಡ್ಡ ಪಿಡಿಎಫ್ ಅನ್ನು ಚಿಕ್ಕದು ಮಾಡುವ ಕೆಲವು ವಿಧಾನಗಳು ಒಂದೇ ತರಹ ಕಾಣುವ ಆಕಾರಗಳನ್ನು ಗುಂಪು ಮಾಡಿ, ಒಂದನ್ನೇ ಉಳಿಸಿಕೊಂಡು, ಎಲ್ಲ ಜಾಗದಲ್ಲೂ ಅದನ್ನೇ ಅಚ್ಚೊತ್ತುತ್ತವೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್, ಇಂಥ ವಿಧಾನದಿಂದಾಗಿ ಸ್ಕ್ಯಾನ್ ಮಾಡಿದ ಕಾಗದಗಳಲ್ಲಿ 6 ಇದ್ದದ್ದು 8 ಆಗಿದ್ದನ್ನು ತೋರಿಸಿಕೊಟ್ಟರು. ಪುಟ ಸ್ವಚ್ಛವಾಗಿಯೇ ಕಾಣುತ್ತದೆ, ಅಂಕಿ ಮಾತ್ರ ತಪ್ಪು. ಮತ್ತರು, ಗದ್ಯಾಣಗಳ ಲೆಕ್ಕವಿರುವ ದತ್ತಿಶಾಸನದಲ್ಲಿ ಇದು ಎಂಥ ಅನರ್ಥ ಎಂದು ಯೋಚಿಸಿ. ಫೈಲು ಭಾರವಾಯಿತೆಂದು ಸಿಕ್ಕ ಜಾಲತಾಣಕ್ಕೆ ಹಾಕಿ ಕುಗ್ಗಿಸಬೇಡಿ. ಬೇಕಾದ ಪುಟಗಳನ್ನಷ್ಟೇ ಬೇರ್ಪಡಿಸಿಕೊಳ್ಳಿ. ಅನುಮಾನ ಬಂದ ಪುಟದ ಮೂಲ ಚಿತ್ರವನ್ನು ಇಂಟರ್ನೆಟ್ ಆರ್ಕೈವ್‌ನಿಂದಲೇ ಬಿಡಿಯಾಗಿ ಇಳಿಸಿಕೊಳ್ಳಲೂ ಬರುತ್ತದೆ.

ಊರಿಗೆ ಹೊರಡುವ ಮುನ್ನ

ನಾಲ್ಕು ಕೆಲಸ ಹಿಂದಿನ ರಾತ್ರಿಯೇ ಮಾಡಿಕೊಳ್ಳಿ.

ಒಂದು, ಹುಡುಕಾಟವನ್ನು ಯಂತ್ರಕ್ಕೆ ಬಿಡಬೇಡಿ. ಹಳೆಯ ಕನ್ನಡ ಸ್ಕ್ಯಾನುಗಳ ಹಿಂದಿನ ಅಕ್ಷರಪದರ ಎಷ್ಟೋ ಸಲ ಬರೀ ಗೊಂದಲ. ಸಂಪುಟದಲ್ಲಿ ಶಾಸನಗಳು ರಾಜವಂಶ ಮತ್ತು ಕಾಲದ ಕ್ರಮದಲ್ಲಿವೆ, ಊರಿನ ಕ್ರಮದಲ್ಲಿಲ್ಲ. ಆದ್ದರಿಂದ ಸ್ಥಳಗಳ ಪಟ್ಟಿ ಮತ್ತು ಕೊನೆಯ ಪದಸೂಚಿಯಿಂದ ಶಾಸನದ ಸಂಖ್ಯೆ ಹಿಡಿಯಿರಿ.

ಎರಡು, ಪುಟದ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಮುದ್ರಿತ 1ನೇ ಪುಟ ಪಿಡಿಎಫ್‌ನ 31ನೇ ಪುಟವಾಗಿದ್ದರೆ ಮುಂದಿನದಕ್ಕೆಲ್ಲ 30 ಕೂಡಿಸಿದರಾಯಿತು. ನಡುವೆ ಫಲಕಗಳು ಬಂದರೆ ಮತ್ತೆ ಸ್ವಲ್ಪ ಜರುಗುತ್ತದೆ. ಬೇಕಾದ ಪುಟಕ್ಕೆ ಗುರುತು ಹಾಕಿ, ಫೈಲನ್ನು ಸಾಧನದೊಳಗೇ ಉಳಿಸಿಕೊಳ್ಳಿ. ಕಪ್ಪತಗುಡ್ಡದ ಮಗ್ಗುಲಿಗೆ ಹೋದರೆ ಸಿಗ್ನಲ್ ನಂಬಿಕೊಂಡು ಕೂರಬಾರದು.

ಮೂರು, ಚಿಕ್ಕ ಪರದೆಯಾದರೆ ಅಂಚು ಕತ್ತರಿಸಿ. ಕೋರೀಡರ್ ಎಂಬ ಉಚಿತ ತಂತ್ರಾಂಶ ಓದುವಾಗಲೇ ಅಂಚು ಬಿಟ್ಟು ತೋರಿಸುತ್ತದೆ. ಪುಟವನ್ನೇ ತುಂಡು ಮಾಡಿ ಮರುಜೋಡಿಸುವ ತಂತ್ರಾಂಶಗಳೂ ಇವೆ. ಅವನ್ನು ಪೀಠಿಕೆಗೆ ಬಳಸಿ, ಪಾಠಕ್ಕೆ ಬೇಡ, ಸಾಲು ಒಡೆಯುತ್ತದೆ.

ನಾಲ್ಕು, ಶಾಸನದ ತಲೆಬರಹದ 'ಬಿ.ಕೆ.' ಸಂಖ್ಯೆಯನ್ನು ಗಮನಿಸಿ. ಅದು ಬಾಂಬೆ-ಕರ್ನಾಟಕ ಸಂಗ್ರಹದ ಕ್ರಮಾಂಕ. ಜೊತೆಗಿರುವ ವರ್ಷ ಆ ಶಾಸನದ ಪಡಿಯಚ್ಚು ಇಲಾಖೆಯ ಸಂಗ್ರಹಕ್ಕೆ ಸೇರಿದ ವರ್ಷ. ಕಲ್ಲು ಇದ್ದ ಜಾಗದ ವಿವರ ಆ ಕಾಲದ್ದು. 'ಗುಡಿಯ ಬಲಕ್ಕೆ' ಎಂದಿದ್ದರೆ ಈಗ ಅದು ಕಟ್ಟೆಯೊಳಗೋ ಬೇರೆ ಓಣಿಯಲ್ಲೋ ಇರಬಹುದು. ಊರಿನ ಹಿರಿಯರನ್ನು ಕೇಳಿ, ಪುಟ ತೋರಿಸಿ. ನನ್ನ ಅನುಭವದಲ್ಲಿ ದೊಡ್ಡದು ಮಾಡಿದ ಒಂದು ಪುಟಕ್ಕಿರುವ ಶಕ್ತಿ ಗಂಟೆಗಟ್ಟಲೆ ಭಾಷಣಕ್ಕಿಲ್ಲ. "ನಮ್ಮೂರ ಹೆಸರು ಇದರಾಗ ಐತೇನ್ರಿ?" ಎಂದು ಕೇಳಿದವರೇ ಮುಂದೆ ನಿಂತು ಕಲ್ಲಿನ ಮೇಲಿನ ಕಸ ತೆಗೆಯುತ್ತಾರೆ.

ಕಲ್ಲಿನ ಮುಂದೆ ನಿಂತಾಗ ಬೆಳಕು ನೇರವಾಗಿ ಬೀಳಬಾರದು. ಫೋನಿನ ಬ್ಯಾಟರಿ ದೀಪವನ್ನು ಮಗ್ಗುಲಿನಿಂದ ಓರೆಯಾಗಿ ಹಿಡಿದರೆ ಸವೆದ ಗೆರೆಯಲ್ಲೂ ನೆರಳು ಮೂಡಿ ಅಕ್ಷರ ಎದ್ದು ಕಾಣುತ್ತದೆ. ಸುಣ್ಣ, ಸೀಮೆಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಮುದ್ರಿತ ಪಾಠದಲ್ಲಿರುವ ಅಕ್ಷರ ಇಂದು ಕಲ್ಲಿನಲ್ಲಿ ಕಾಣದಿದ್ದರೆ ಸಂಪಾದಕರು ತಪ್ಪಿದರೆಂದು ತೀರ್ಮಾನಿಸಬೇಡಿ. ಎಂಬತ್ತು-ನೂರು ವರ್ಷದ ಹಿಂದೆ ಪಡಿಯಚ್ಚು ತೆಗೆದಾಗ ಅದು ಇದ್ದಿರಬಹುದು. ಅಂಥ ಸಾಲಿಗೆ ಇವತ್ತು ಜನರ ಕೈಗೆ ಸಿಗುವ ಸಾಕ್ಷಿ ನಿಮ್ಮ ಪರದೆಯ ಮೇಲಿನ ಆ ಪುಟವೇ.

ಹಂಚಿಕೊಳ್ಳುವವರಿಗೆ ಒಂದು ಮಾತು. ನಮ್ಮ ಕಾಯ್ದೆಯಲ್ಲಿ ಸರ್ಕಾರಿ ಪ್ರಕಟಣೆಗೆ ಹಕ್ಕು 60 ವರ್ಷ. 1940, 1952ರ ಭಾಗಗಳು ಯಾವತ್ತೋ ಮುಕ್ತ. 1964ರ ಸಂಪುಟಗಳು 2025ರಿಂದ ಮುಕ್ತ. 1975ರದಕ್ಕೆ ಇನ್ನೂ ಕಾಲವಿದೆ. ಮುಕ್ತವಾದದ್ದನ್ನು ಹಂಚುವಾಗಲೂ ಟೈಪ್ ಮಾಡಿದ ಪಾಠದ ಜೊತೆ ಸಂಪುಟ, ಸಂಖ್ಯೆ, ಪುಟ ಮತ್ತು ಆ ಪುಟದ ಚಿತ್ರ ಹಾಕಿ. ನನಗೆ ಬಂದ ಫೈಲಿನಲ್ಲಿ ಅದೊಂದು ಚಿತ್ರ ಇದ್ದಿದ್ದರೆ ಆ ಊರಿನಲ್ಲಿ ಪರದೆಕಲ್ಲು ಹುಟ್ಟುತ್ತಿರಲಿಲ್ಲ.

ಗದಗಿನಿಂದ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ 1007ರ ಶಾಸನ ಅತ್ತಿಮಬ್ಬೆಯನ್ನು ಕೊಂಡಾಡುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳೆಂದು ಅವಳ ಖ್ಯಾತಿ. ಓಲೆಗರಿಯ ಮೇಲೆ ಒಂದೊಂದು ಪ್ರತಿಯನ್ನೂ ಯಾರೋ ಕೂತು ಬರೆಯಬೇಕಿತ್ತು. ಇವತ್ತು ನಾವು ಒಂದು ಗುಂಡಿ ಒತ್ತಿ ಸಾವಿರ ಪ್ರತಿ ಕಳಿಸುತ್ತೇವೆ; ತಪ್ಪಿದ್ದರೆ ಅದರದ್ದೂ ಸಾವಿರ ಪ್ರತಿ.

ಮುಂದಿನ ತಿಂಗಳು ಮತ್ತೆ ಶಿರಹಟ್ಟಿ ಕಡೆ ಹೋಗಬೇಕು. ಸಂಪುಟದ ಆ ಪುಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿಟ್ಟಿದ್ದೇನೆ, 'ತೆಱೆ' ಇರುವ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ. ಅಜ್ಜಾರು ಒಪ್ಪಿದರೆ ಗುಡಿಯ ಗೋಡೆಗೆ ತೂಗುಹಾಕಿ ಬರುತ್ತೇನೆ.